ಹುಳು ಕೊರೆದ ಅಕ್ಷರ

1967ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಊರಾಚೆ, ನಾಲ್ಕೂವರೆ ಎಕರೆ ಬಯಲಿನಲ್ಲಿ ಸಾವಿರಕ್ಕೂ ಮಿಗಿಲಾದ ಕಂಬಗಳನ್ನು ನೆಟ್ಟು, ಸುಮಾರು 190 ಕಿಲೋಮೀಟರ್ ತಂತಿ ಎಳೆದು ಒಂದು ರೇಡಿಯೊ ದೂರದರ್ಶಕವನ್ನು ಕಟ್ಟಿ ಮುಗಿಸಿದರು. ಕಂಬ ಹೊಡೆಯಲು ಸುತ್ತಿಗೆ ಎತ್ತಿದವರಲ್ಲಿ ಜೋಸಲಿನ್ ಬೆಲ್ ಎಂಬ ಸಂಶೋಧನ ವಿದ್ಯಾರ್ಥಿನಿಯೂ ಒಬ್ಬರು. ಕಟ್ಟುವ ಕೆಲಸ ಮುಗಿದ ಮೇಲೆ ಅದನ್ನು ನಡೆಸುವ ಹೊಣೆ ಅವರ ಮೇಲೆ ಬಿತ್ತು. ಲೇಖನಿ ಹಗಲೂ ರಾತ್ರಿಯೂ ಕಾಗದದ ಸುರುಳಿಯ ಮೇಲೆ ಶಾಯಿಯ ಗೀಟು ಎಳೆಯುತ್ತಿತ್ತು. ದಿನಕ್ಕೆ ಸುಮಾರು 30 ಮೀಟರ್ ಕಾಗದ. ಆಕಾಶವನ್ನು ಒಂದು ಸುತ್ತು ಪೂರ್ತಿ ನೋಡಿ ಮುಗಿಸಲು ನಾಲ್ಕು ದಿನ, ಅಂದರೆ 120 ಮೀಟರ್. ಅದನ್ನು ಓದಲು ಕಂಪ್ಯೂಟರ್ ಇರಲಿಲ್ಲ. ಒಬ್ಬ ವಿದ್ಯಾರ್ಥಿನಿಯ ಎರಡು ಕಣ್ಣು, ಅಷ್ಟೆ. ಹುಡುಕುತ್ತಿದ್ದದ್ದು ಬಹು ದೂರದಿಂದ ರೇಡಿಯೊ ಅಲೆ ಸೂಸುವ ಕ್ವೇಸಾರ್‌ಗಳನ್ನು. ಸೂರ್ಯನಿಂದ ಹೊರಡುವ ಕಣಗಳ ಗಾಳಿಯನ್ನು ಹಾಯ್ದು ಬರುವಾಗ ಅವುಗಳ ರೇಡಿಯೊ ಅಲೆ ಮಿನುಗುತ್ತದೆ. ಆ ಮಿನುಗನ್ನು ಹಿಡಿಯುವುದು ಅವರ ಗುರು ಆಂಟನಿ ಹ್ಯೂಯಿಶ್ ಹಾಕಿಕೊಂಡ ಯೋಜನೆ.

ಸಮೀಕ್ಷೆ ಶುರುವಾಗಿ ಆರೆಂಟು ವಾರ ಕಳೆದಿತ್ತು. ಅಷ್ಟುದ್ದದ ಕಾಗದದಲ್ಲಿ ಅಂಗುಲಕ್ಕೂ ಕಡಿಮೆ ಜಾಗದಲ್ಲಿ ಒಂದು ಗೀಚು ಬೆಲ್ ಅವರ ಕಣ್ಣಿಗೆ ಬಿತ್ತು. ಕ್ವೇಸಾರ್ ಮಿನುಗಿದರೆ ಗೀಟು ಹಾಗೆ ನಡುಗುವುದಿಲ್ಲ. ಮನುಷ್ಯರ ಯಂತ್ರಗಳಿಂದ ಬರುವ ಗದ್ದಲವೂ ಹಾಗೆ ಕಾಣುವುದಿಲ್ಲ. ಎರಡರ ಪೈಕಿ ಯಾವುದಕ್ಕೂ ಸೇರದ ಗೀಚು. ಇದನ್ನು ಮೊದಲೂ ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನಿಸಿ ಹಳೆಯ ಸುರುಳಿಗಳನ್ನು ಬಿಚ್ಚಿದರು. ಹೌದು, ಅಲ್ಲೂ ಇತ್ತು. ಆಕಾಶದ ಅದೇ ತುಣುಕಿನಲ್ಲಿ.

ಗೀಚನ್ನು ಬಿಡಿಸಿ ನೋಡಬೇಕಾದರೆ ಕಾಗದ ವೇಗವಾಗಿ ಓಡಬೇಕು. ಅದಕ್ಕಾಗಿ ಬೆಲ್ ದಿನವೂ ಸರಿಯಾದ ಹೊತ್ತಿಗೆ ವೀಕ್ಷಣಾಲಯಕ್ಕೆ ಹೋಗತೊಡಗಿದರು. ವಾರಗಟ್ಟಲೆ ಏನೂ ಬರಲಿಲ್ಲ. ಒಂದು ದಿನ ಉಪನ್ಯಾಸವೊಂದನ್ನು ಕೇಳಲು ಹೋಗಿ ವೇಗದ ದಾಖಲೆಯನ್ನು ಬಿಟ್ಟರು; ಅವತ್ತೇ ಅದು ಬಂದು ಹೋಗಿತ್ತು. ಕೊನೆಗೆ ನವೆಂಬರ್ 28ರಂದು ಸಿಕ್ಕಿತು: ಒಂದೂ ಮೂರನೆಯ ಒಂದು ಸೆಕೆಂಡಿಗೊಮ್ಮೆ, ಅಳೆದಿಟ್ಟ ಹಾಗೆ, ಒಂದೊಂದು ಮಿಡಿತ. ಇಷ್ಟು ಕರಾರುವಾಕ್ಕಾಗಿ ಮಿಡಿಯುವುದು ಮನುಷ್ಯ ನಿರ್ಮಿತವೇ ಇರಬೇಕು ಎಂದು ಹ್ಯೂಯಿಶ್ ಮೊದಲು ಹೇಳಿದರು. ಆದರೆ ಅದು ನಕ್ಷತ್ರಗಳ ಜೊತೆಗೇ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು. ಭೂಮಿಯ ಮೇಲಿನ ಯಾವ ಕಾರ್ಖಾನೆಯೂ ಆ ಗಡಿಯಾರಕ್ಕೆ ಬಾಗಿಲು ತೆರೆಯುವುದಿಲ್ಲ.

ಕ್ರಿಸ್‌ಮಸ್ ರಜೆಗೆ ಊರಿಗೆ ಹೊರಡುವ ಮುಂಚೆ ಬೆಲ್ ಮತ್ತೊಂದು ಸುರುಳಿಯಲ್ಲಿ, ಆಕಾಶದ ಬೇರೊಂದು ಕಡೆಯಿಂದ ಬಂದ ಅಂಥದೇ ಗೀಚನ್ನು ಕಂಡರು. ಡಿಸೆಂಬರ್ ಚಳಿ. ಚಳಿಗೆ ಗ್ರಾಹಕ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ನಡುರಾತ್ರಿ ಕಳೆದ ಮೇಲೆ ಅಲ್ಲಿಗೆ ಹೋಗಿ, ಸ್ವಿಚ್ಚುಗಳನ್ನು ತಟ್ಟಿ, ಬೈದು, ಬಾಯಿಂದ ಬಿಸಿಯುಸಿರು ಊದಿ ಅದನ್ನು ಎಬ್ಬಿಸಿದರು. ಯಂತ್ರ ಸರಿಯಾಗಿ ನಡೆದದ್ದು ಐದು ನಿಮಿಷ. ಬೇಕಾಗಿದ್ದ ಐದು ನಿಮಿಷವೂ ಅದೇ. ಎರಡನೆಯ ಮಿಡಿತ ಸಿಕ್ಕಿತು. 1968ರ ಫೆಬ್ರುವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಲೇಖನ ಬಂತು. ನ್ಯೂಟ್ರಾನ್ ನಕ್ಷತ್ರಗಳು ಇರಬಹುದೆಂದು ಬಾಡೆ ಮತ್ತು ಜ್ವಿಕಿ 1934ರಲ್ಲೇ ಹೇಳಿದ್ದರು. ಮೂವತ್ತಮೂರು ವರ್ಷ ಕೇವಲ ಲೆಕ್ಕದಲ್ಲಿದ್ದ ನಕ್ಷತ್ರ ಕಾಗದದ ಮೇಲೆ ಗೀಚಾಗಿ ಬಂದಿತ್ತು. ಅದನ್ನೇ ಈಗ ಪಲ್ಸಾರ್ ಎನ್ನುತ್ತೇವೆ.

1974ರ ನೊಬೆಲ್ ಪ್ರಶಸ್ತಿ ಹ್ಯೂಯಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯಿತು; ಬೆಲ್ ಅವರನ್ನು ಬಿಟ್ಟರು. ಅದು ಅನ್ಯಾಯ ಎಂಬುದರಲ್ಲಿ ನನಗೆ ಸಂಶಯವಿಲ್ಲ. 2018ರಲ್ಲಿ ಮೂವತ್ತು ಲಕ್ಷ ಡಾಲರ್‌ಗಳ ಇನ್ನೊಂದು ಪ್ರಶಸ್ತಿ ಬಂದಾಗ ಅವರು ಅಷ್ಟನ್ನೂ ಭೌತವಿಜ್ಞಾನ ಕಲಿಯಲು ಅವಕಾಶ ಸಿಗದ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರು. ಆ ಕಥೆಯನ್ನು ಬಹಳ ಜನ ಬರೆದಿದ್ದಾರೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಇಲ್ಲಿ ಅದೃಷ್ಟ ಎಷ್ಟು, ಬುದ್ಧಿ ಎಷ್ಟು?

ಅದೃಷ್ಟದ ಪಾಲನ್ನು ಎಣಿಸಲು ಕೂತರೆ ಅದು ಬೆಳೆಯುತ್ತಲೇ ಹೋಗುತ್ತದೆ. ಆ ಕಾಲದ ಎಷ್ಟೋ ರೇಡಿಯೊ ದೂರದರ್ಶಕಗಳು ಬಂದ ಸಂಕೇತವನ್ನು ಹಲವು ಸೆಕೆಂಡುಗಳ ಕಾಲ ಕೂಡಿ ಸರಾಸರಿ ತೆಗೆಯುತ್ತಿದ್ದವು. ಸೆಕೆಂಡಿಗೊಮ್ಮೆ ಬರುವ ಮಿಡಿತ ಆ ಸರಾಸರಿಯಲ್ಲಿ ಅಳಿಸಿಹೋಗುತ್ತಿತ್ತು. ಕೇಂಬ್ರಿಜ್ಜಿನದು ಹಾಗಿರಲಿಲ್ಲ. ಕ್ವೇಸಾರ್‌ಗಳ ಮಿನುಗು ಬೇಕಿದ್ದರಿಂದ ಸೆಕೆಂಡಿನ ಒಂದು ಭಾಗದಲ್ಲಾಗುವ ಬದಲಾವಣೆಗೂ ಲೇಖನಿ ಅಲುಗುವಂತೆ ಅದನ್ನು ಕಟ್ಟಿದ್ದರು. ಪಲ್ಸಾರ್ ಎಂಬುದನ್ನು ಕನಸಿನಲ್ಲೂ ಕಾಣದವರು ಪಲ್ಸಾರ್ ಹಿಡಿಯಲು ತಕ್ಕ ಬಲೆಯನ್ನೇ ನೇಯ್ದಿದ್ದರು. ಇದನ್ನು ಅದೃಷ್ಟವೆನ್ನದೆ ಇನ್ನೇನೆನ್ನಬೇಕು?

ಈಗ ಬುದ್ಧಿಯ ಪಾಲು. ಬೆಲ್ ಕ್ವೇಸಾರ್‌ನ ಗೀಟನ್ನೂ ಗದ್ದಲದ ಗೀಟನ್ನೂ ದಿನಗಟ್ಟಲೆ ನೋಡಿ ನೋಡಿ ಅವುಗಳ ಅಂಕುಡೊಂಕನ್ನು ಕಂಠಪಾಠ ಮಾಡಿಕೊಂಡಿದ್ದರು. ಆ ಅಭ್ಯಾಸವಿಲ್ಲದ ಯಾರೇ ಆಗಲಿ, ಎಷ್ಟೇ ಜಾಣರಾಗಲಿ, ಆ ಕಾಗದವನ್ನು ನೋಡಿದ್ದರೆ ಗೀಚನ್ನು ಕಾಣುತ್ತಲೇ ಇರಲಿಲ್ಲ. ಏನಿರಬೇಕು ಎಂಬುದು ಖಚಿತವಾಗಿ ಗೊತ್ತಿದ್ದವರಿಗೆ ಮಾತ್ರ ಏನಿರಬಾರದೋ ಅದು ಕಣ್ಣಿಗೆ ಹೊಡೆಯುತ್ತದೆ. ಆಕಸ್ಮಿಕ ಹೊರಗಿನಿಂದ ಬಂತು ಎಂದು ನಾವು ತಿಳಿಯುತ್ತೇವೆ. ಅದರ ಅರ್ಧ ಭಾಗ ನೋಡುವವರ ತಿಳಿವಳಿಕೆಯಲ್ಲೇ ಹುಟ್ಟಿರುತ್ತದೆ. ನಿರೀಕ್ಷೆಯೇ ಇಲ್ಲದವರಿಗೆ ಅನಿರೀಕ್ಷಿತವೂ ಇಲ್ಲ.

ಇನ್ನೊಂದು ಸಂಗತಿಯನ್ನು ಬೆಲ್ ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಉತ್ತರ ಐರ್ಲೆಂಡಿನಿಂದ ಬಂದ ಹುಡುಗಿ, ಕೇಂಬ್ರಿಜ್ಜಿನವರು ತನ್ನನ್ನು ತಪ್ಪಿ ಸೇರಿಸಿಕೊಂಡಿದ್ದಾರೆ, ಇವತ್ತಲ್ಲ ನಾಳೆ ಹೊರಗೆ ಹಾಕುತ್ತಾರೆ ಎಂದು ಹೆದರಿದ್ದರಂತೆ. ಹಾಕುವ ದಿನ ಬಂದರೆ ಮನಸ್ಸಿಗೆ ಕೊರಗಿರಬಾರದೆಂದು ಪ್ರತಿಯೊಂದನ್ನೂ ಅತಿ ಎಚ್ಚರಿಕೆಯಿಂದ ಮಾಡುತ್ತಿದ್ದರಂತೆ. ಹನ್ನೊಂದನೆಯ ವಯಸ್ಸಿನಲ್ಲಿ ಅಲ್ಲಿನ ಮಕ್ಕಳನ್ನು ಜಾಣರು, ಉಳಿದವರು ಎಂದು ಎರಡು ಪಾಲು ಮಾಡುವ ಪರೀಕ್ಷೆಯಲ್ಲಿ ಅವರು ನಪಾಸಾಗಿದ್ದರು. ಅಂಗುಲಕ್ಕೂ ಕಡಿಮೆಯ ಗೀಚನ್ನು ಬಿಟ್ಟುಬಿಡದ ಆ ಗಮನದ ಹಿಂದೆ ಚುರುಕು ಬುದ್ಧಿಯಷ್ಟೇ ಅಲ್ಲ, ಒಂದು ಬಗೆಯ ಅಂಜಿಕೆಯೂ ಪ್ರಾಮಾಣಿಕತೆಯೂ ಇತ್ತು. ಯಾವ ಬುದ್ಧಿಮತ್ತೆಯ ಪರೀಕ್ಷೆಯಲ್ಲೂ ಇದಕ್ಕೆ ಪ್ರಶ್ನೆಯಿಲ್ಲ.

ಅದೇ 1967ರಲ್ಲಿ ಅಲಾಸ್ಕಾದ ಕ್ಲಿಯರ್ ಎಂಬಲ್ಲಿ ಅಮೆರಿಕದ ವಾಯುಪಡೆಯ ರಾಡಾರ್ ಕೇಂದ್ರವಿತ್ತು. ಸೋವಿಯತ್ ಕ್ಷಿಪಣಿಗಳು ಬರುತ್ತವೆಯೇ ಎಂದು ಕಾಯುವುದು ಅದರ ಕೆಲಸ. ಚಾರ್ಲ್ಸ್ ಶಿಸ್ಲರ್ ಎಂಬ ಸಿಬ್ಬಂದಿಗೆ ಪರದೆಯ ಮೇಲೆ ಒಂದು ಮಸುಕಾದ ಸಂಕೇತ ಕಾಣತೊಡಗಿತು. ಅದು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುವುದನ್ನು ಅವರು ಗುರುತು ಹಾಕಿಕೊಂಡರು, ಅದು ಆಕಾಶದಲ್ಲಿರುವುದೇ ಸರಿ ಎಂದು ತೀರ್ಮಾನಿಸಿದರು, ಫೇರ್‌ಬ್ಯಾಂಕ್ಸ್‌ನ ವಿಶ್ವವಿದ್ಯಾಲಯಕ್ಕೆ ಕಾರು ಓಡಿಸಿಕೊಂಡು ಹೋಗಿ ಅಲ್ಲಿನವರ ನೆರವಿನಿಂದ ಅದು ಏಡಿ ನೀಹಾರಿಕೆಯ ದಿಕ್ಕಿನಿಂದ ಬರುತ್ತಿದೆ ಎಂದು ಕಂಡುಕೊಂಡರು. ಅವರು ಕಂಡದ್ದೂ ಪಲ್ಸಾರನ್ನೇ. ಅಂಥ ಇನ್ನೂ ಕೆಲವನ್ನು ಟಿಪ್ಪಣಿ ಮಾಡಿದರು. ಆಕಸ್ಮಿಕ ಬಂತು, ಗಮನಿಸುವ ಕಣ್ಣಿತ್ತು, ಬುದ್ಧಿಯೂ ಇತ್ತು. ಆದರೆ ರಾಡಾರ್ ರಹಸ್ಯದ್ದು. 2007ರವರೆಗೆ ಅವರು ಬಾಯಿ ಬಿಡುವಂತಿರಲಿಲ್ಲ. ಅದೃಷ್ಟ, ಸಾಮರ್ಥ್ಯ ಎಂದು ಎರಡನ್ನೇ ತೂಗುವವರು ಶಿಸ್ಲರ್ ಅವರನ್ನು ನೆನೆಯಬೇಕು. ಕಂಡದ್ದನ್ನು ಆಡಲು ಅವಕಾಶವಿರುವ ಜಾಗವೂ ಬೇಕು.

ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯ ಬೆನ್ನು ಹತ್ತಿ ಬಹಳ ಕಾಲವಾಯಿತು. 1960ರಲ್ಲಿ ಡೊನಾಲ್ಡ್ ಕ್ಯಾಂಬೆಲ್ ಒಂದು ದಿಟ್ಟ ಮಾತು ಹೇಳಿದರು: ಮನಸ್ಸು ಹೊಸತನ್ನು ಕಾಣುವುದು ಕುರುಡಾಗಿ ತಡಕಾಡಿ. ಯಾವುದು ಫಲಿಸುತ್ತದೆಂದು ಮೊದಲೇ ತಿಳಿಯದೆ ಹತ್ತಾರು ಜೋಡಣೆಗಳನ್ನು ಮಾಡುತ್ತದೆ, ಒಗ್ಗಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲುತ್ತದೆ. ಡಾರ್ವಿನ್ ಜೀವಜಾತಿಗಳ ಬಗ್ಗೆ ಹೇಳಿದ್ದನ್ನು ಅವರು ಆಲೋಚನೆಗೆ ಹಚ್ಚಿದರು. ಡೀನ್ ಕೀತ್ ಸೈಮಂಟನ್ ಇದನ್ನು ಮುಂದುವರಿಸಿ, ವಿಜ್ಞಾನಿಗಳ, ಸಂಗೀತಗಾರರ ಬದುಕಿನುದ್ದದ ಕೃತಿಗಳನ್ನು ಲೆಕ್ಕ ಹಾಕಿದರು. ಹೆಚ್ಚು ಒಳ್ಳೆಯ ಕೃತಿ ಕೊಟ್ಟವರು ಹೆಚ್ಚು ಸಾಧಾರಣ ಕೃತಿಗಳನ್ನೂ ಕೊಟ್ಟಿದ್ದಾರೆ. ಗೆಲುವಿನ ಪ್ರಮಾಣ ಅಷ್ಟಾಗಿ ಏರುವುದಿಲ್ಲ, ಪ್ರಯತ್ನದ ಸಂಖ್ಯೆ ಏರುತ್ತದೆ ಎಂಬುದು ಅವರ ವಾದ. ನಮ್ಮ ಶಿವರಾಮ ಕಾರಂತರು ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ಎಲ್ಲವೂ ‘ಮರಳಿ ಮಣ್ಣಿಗೆ’ ಆಗಲಿಲ್ಲ. ಆದರೆ ಒಂದನ್ನೇ ಬರೆಯುತ್ತೇನೆ, ಅದೇ ‘ಮರಳಿ ಮಣ್ಣಿಗೆ’ ಆಗಬೇಕು ಎಂದು ಕೂತಿದ್ದರೆ ಅದೂ ಆಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಬುದ್ಧಿಮತ್ತೆಯನ್ನೇ ಅಳೆದು ಮುಂದಿನ ಪ್ರತಿಭಾವಂತರನ್ನು ಮೊದಲೇ ಹೆಕ್ಕಿಡಬಹುದೆಂದು ನಂಬಿದವರೂ ಇದ್ದರು. ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಸುಮಾರು ಒಂದೂವರೆ ಸಾವಿರ ಅತಿ ಜಾಣ ಮಕ್ಕಳನ್ನು ಆರಿಸಲು ಹೊರಟು, ಬದುಕಿನುದ್ದಕ್ಕೂ ಅವರ ಜಾಡು ಹಿಡಿದರು. ಅವರಲ್ಲಿ ಬಹಳ ಮಂದಿ ಒಳ್ಳೆಯ ಹುದ್ದೆಗೇರಿದರು, ನೆಮ್ಮದಿಯಾಗಿ ಬಾಳಿದರು. ಒಬ್ಬರಿಗೂ ನೊಬೆಲ್ ಬರಲಿಲ್ಲ. ಪರೀಕ್ಷೆ ಮಾಡಿ, ಅಂಕ ಸಾಲದೆಂದು ಕೈಬಿಟ್ಟ ಇಬ್ಬರು ಹುಡುಗರಿಗೆ ಬಂತು: ಟ್ರಾನ್ಸಿಸ್ಟರ್‌ಗಾಗಿ ವಿಲಿಯಂ ಶಾಕ್ಲಿಗೆ 1956ರಲ್ಲಿ, ಕಣ ಭೌತವಿಜ್ಞಾನಕ್ಕಾಗಿ ಲೂಯಿಸ್ ಆಲ್ವಾರೆಜ್‌ಗೆ 1968ರಲ್ಲಿ. ಬುದ್ಧಿಮತ್ತೆಗೆ ಬೆಲೆಯಿಲ್ಲವೆಂದು ಇದರಿಂದ ತೀರ್ಮಾನಿಸುವುದು ಅವಸರ. ಆ ಇಬ್ಬರೂ ದಡ್ಡರಲ್ಲ. ಒಂದು ಮಟ್ಟದ ಸಾಮರ್ಥ್ಯ ಬೇಕೇ ಬೇಕು. ಅದರಾಚೆಗೆ ಏನು ಕೆಲಸ ಮಾಡುತ್ತದೆ ಎಂಬುದು ಪ್ರಶ್ನೆ.

ನನಗೆ ಬಹಳ ಬೆಳಕು ಕೊಟ್ಟದ್ದು ಹಾರ್ವರ್ಡ್‌ನಲ್ಲಿ ಶೆಲ್ಲಿ ಕಾರ್ಸನ್ ಮತ್ತು ಸಂಗಡಿಗರು ಮಾಡಿ 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಕೆಲಸಕ್ಕೆ ಬಾರದ್ದೆಂದು ಒಮ್ಮೆ ಗೊತ್ತಾದದ್ದನ್ನು ಮತ್ತೆ ಗಮನಕ್ಕೆ ತಂದುಕೊಳ್ಳದಿರುವುದು ಮನಸ್ಸಿನ ಸ್ವಭಾವ. ಫ್ಯಾನಿನ ಸದ್ದು ನಮಗೆ ಕೇಳಿಸದಿರುವುದು ಆ ಜರಡಿಯಿಂದಲೇ. ಸೃಜನಶೀಲ ಕೆಲಸದಲ್ಲಿ ಎದ್ದು ಕಂಡ ವಿದ್ಯಾರ್ಥಿಗಳಲ್ಲಿ ಈ ಜರಡಿ ಸಡಿಲವಾಗಿತ್ತು, ಜೊತೆಗೆ ಬುದ್ಧಿಮತ್ತೆ ಹೆಚ್ಚಿತ್ತು. ಜರಡಿ ಸಡಿಲವಿದ್ದು, ಒಳಗೆ ನುಗ್ಗಿದ್ದನ್ನು ಹಿಡಿದು ನಿಲ್ಲಿಸುವ ಶಕ್ತಿ ಇಲ್ಲದಿದ್ದರೆ ಮನಸ್ಸು ಗೊಂದಲದಲ್ಲಿ ಮುಳುಗುತ್ತದೆ. ಶಕ್ತಿಯಿದ್ದು ಜರಡಿ ಬಿಗಿಯಾಗಿದ್ದರೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರುತ್ತದೆ, ಹೊಸತೇನೂ ಬರುವುದಿಲ್ಲ. ಇದು ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವಷ್ಟೆ. ಇಡೀ ಮನುಕುಲದ ಮಾತಲ್ಲ. ಆದರೂ ಬೆಲ್ ಅವರ ಗೀಚನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹೊಸತರ ಮಟ್ಟಿಗೆ ಬುದ್ಧಿಯ ಮೊದಲ ಕೆಲಸ ಉತ್ತರ ಕೊಡುವುದಲ್ಲ. ಬೇಡವಾದದ್ದು ಎದುರಾದಾಗ ಅದನ್ನು ತಕ್ಷಣ ಎಸೆಯದೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಳ್ಳುವುದು.

ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಏನು ಹೇಳಿದ್ದಾರೆ ಎಂದು ಹುಡುಕಿದರೆ, ಕಾವ್ಯ ಹುಟ್ಟುವುದಕ್ಕೆ ಕಾರಣಗಳ ಪಟ್ಟಿ ಸಿಗುತ್ತದೆ. ‘ಕವಿರಾಜಮಾರ್ಗ’ಕ್ಕೆ ಆಧಾರವಾದ ‘ಕಾವ್ಯಾದರ್ಶ’ದಲ್ಲಿ ದಂಡಿ ಹೇಳುವುದು ಮೂರು: ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ಬಹಳ ಓದು, ಬಿಡದ ಪ್ರಯತ್ನ. ಮುಂದಿನ ಶ್ಲೋಕದಲ್ಲೇ ಅವನು ತೋರುವ ಔದಾರ್ಯ ನನಗೆ ಬಹಳ ಇಷ್ಟ: ಅಂಥ ಪ್ರತಿಭೆ ಇಲ್ಲದಿದ್ದರೂ ಓದಿನಿಂದ, ಯತ್ನದಿಂದ ಸೇವಿಸಿದವರಿಗೆ ವಾಗ್ದೇವಿ ಒಂದಿಷ್ಟು ಅನುಗ್ರಹ ಮಾಡಿಯೇ ಮಾಡುತ್ತಾಳೆ ಎಂಬುದು ಅದರ ಭಾವ. ಆದರೆ ಈ ಪಟ್ಟಿಯಲ್ಲಿ ಆಕಸ್ಮಿಕಕ್ಕೆ ಜಾಗವಿಲ್ಲ. ಆಕಸ್ಮಿಕದ ಮಾತು ಬರುವುದು ಬೇರೆ ಕಡೆ, ಘುಣಾಕ್ಷರ ನ್ಯಾಯದಲ್ಲಿ. ಮರ ಕೊರೆಯುವ ಹುಳು ತನ್ನ ಪಾಡಿಗೆ ಕೊರೆಯುತ್ತ ಹೋದಾಗ ಎಲ್ಲೋ ಒಂದು ಕಡೆ ಅಕ್ಷರದ ಆಕಾರ ಮೂಡುತ್ತದೆ. ಉದ್ದೇಶವಿಲ್ಲದೆ ಆದದ್ದಕ್ಕೆ ಈ ನ್ಯಾಯವನ್ನು ಹೇಳುವುದು ರೂಢಿ, ಅದೂ ಒಂದಿಷ್ಟು ಕಡೆಗಣಿಸಿಯೇ. ನನಗೆ ಅದರಲ್ಲಿ ಕಾಣುವುದು ಹುಳುವಿಗಿಂತ ಹೆಚ್ಚಾಗಿ ಓದುವವನು. ಅಕ್ಷರ ಬಲ್ಲವನೊಬ್ಬ ಆ ತೊಲೆಯ ಮುಂದೆ ನಿಲ್ಲದಿದ್ದರೆ ಅಲ್ಲಿ ಅಕ್ಷರವೇ ಇಲ್ಲ, ತೂತು ಮಾತ್ರ.

ಶಾಸ್ತ್ರದ ಪಟ್ಟಿಯಲ್ಲಿ ಜಾಗವಿಲ್ಲದಿದ್ದರೂ ನಮ್ಮ ಕಲೆಗಳು ಆಕಸ್ಮಿಕವನ್ನು ಬೇಕೆಂದೇ ಒಳಗೆ ಕರೆದಿವೆ. ಅವಧಾನವನ್ನು ನೋಡಿ. ಶತಾವಧಾನಿ ಆರ್. ಗಣೇಶರು ಸಾವಿರಕ್ಕೂ ಹೆಚ್ಚು ಅವಧಾನಗಳಿಂದ ಕನ್ನಡ ನಾಡಿನಲ್ಲಿ ಮತ್ತೆ ಬೆಳೆಸಿದ ಈ ಕಲೆಯ ಸಭೆಗಳಲ್ಲಿ ನಾನು ಸಾಕಷ್ಟು ಕೂತಿದ್ದೇನೆ. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು. ಒಬ್ಬರು ಅರ್ಥವಿಲ್ಲದಂತೆ ತೋರುವ ಒಂದು ಸಾಲು ಕೊಟ್ಟು ಪದ್ಯ ತುಂಬಿಸಿ ಎನ್ನುತ್ತಾರೆ. ಇನ್ನೊಬ್ಬರು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೊಡುತ್ತಾರೆ. ಮತ್ತೊಬ್ಬರು ನಡುನಡುವೆ ತಲೆಹರಟೆಯ ಪ್ರಶ್ನೆ ಎಸೆದು ಗಮನ ಕೆಡಿಸುತ್ತಾರೆ. ಕೈಯಲ್ಲಿ ಕಾಗದವಿಲ್ಲ, ಲೇಖನಿಯಿಲ್ಲ. ಕೊನೆಗೆ ಎಲ್ಲ ಪದ್ಯಗಳನ್ನೂ ನೆನಪಿನಿಂದ ಒಪ್ಪಿಸಬೇಕು.

ಎಂಟರಲ್ಲಿ ನನ್ನನ್ನು ಸದಾ ತುದಿಗಾಲಲ್ಲಿ ನಿಲ್ಲಿಸುವುದು ನಿಷೇಧಾಕ್ಷರಿ. ಅವಧಾನಿ ಒಂದು ಅಕ್ಷರ ಹೇಳುತ್ತಾರೆ. ಅದರಿಂದ ಯಾವ ಪದ ಬೆಳೆಯಬಹುದೆಂದು ಊಹಿಸಿ ಪೃಚ್ಛಕರು ಮುಂದಿನ ಅಕ್ಷರವನ್ನು ನಿಷೇಧಿಸುತ್ತಾರೆ. ಅವಧಾನಿ ದಾರಿ ಬದಲಿಸಿ ಬೇರೆ ಅಕ್ಷರ ಹಾಕುತ್ತಾರೆ. ಅಲ್ಲೂ ಬೇಲಿ ಬೀಳುತ್ತದೆ. ಛಂದಸ್ಸು ಕೆಡಬಾರದು, ಅರ್ಥ ಕೆಡಬಾರದು. ಇಲ್ಲಿ ಆಗುತ್ತಿರುವುದೇನೆಂದರೆ, ಅಭ್ಯಾಸದಿಂದ ನಾಲಗೆಗೆ ಮೊದಲು ಬರುವ ಮಾತನ್ನು ಎದುರಿಗೆ ಕೂತವರು ಕಸಿದುಕೊಳ್ಳುತ್ತಾರೆ. ಮನಸ್ಸು ತಾನಾಗಿ ಎಂದೂ ಹೋಗದ ಓಣಿಗೆ ನುಗ್ಗಲೇಬೇಕಾಗುತ್ತದೆ. ಅಲ್ಲಿ ಸಿಗುವ ಪದ ಅವಧಾನಿಯ ಯೋಜನೆಯಲ್ಲೂ ಇರಲಿಲ್ಲ, ಪೃಚ್ಛಕರ ಯೋಜನೆಯಲ್ಲೂ ಇರಲಿಲ್ಲ. ಅದು ಆಕಸ್ಮಿಕ. ಆದರೆ ಆ ಓಣಿಯಲ್ಲಿ ಪದವೊಂದು ಕಾದಿರಬೇಕಾದರೆ ಹಳಗನ್ನಡ, ಸಂಸ್ಕೃತ, ನಡುಗನ್ನಡಗಳ ಸಾವಿರಾರು ಪದಗಳನ್ನು ವರ್ಷಗಟ್ಟಲೆ ಮೊದಲೇ ಅಲ್ಲಿ ತುಂಬಿಟ್ಟಿರಬೇಕು. ಅದಕ್ಕೇ ಸಭೆಯಲ್ಲಿ ಕೂತ ನಾವು ತಲೆದೂಗುತ್ತೇವೆ, ಅವಧಾನ ಮಾಡುವುದಿಲ್ಲ.

ಸಾವಿರ ವರ್ಷ ಕನ್ನಡ ಕವಿಗಳು ಹೊತ್ತುಕೊಂಡು ಬಂದ ದ್ವಿತೀಯಾಕ್ಷರ ಪ್ರಾಸವೂ ಇಂಥದೇ ಒಂದು ಯಂತ್ರ. ಎರಡು ಪದಗಳಲ್ಲಿ ಎರಡನೆಯ ಅಕ್ಷರ ಒಂದೇ ಆಗಿರುವುದು ಬರಿಯ ಆಕಸ್ಮಿಕ, ಅರ್ಥಕ್ಕೂ ಅದಕ್ಕೂ ನಂಟಿಲ್ಲ. ಆ ಆಕಸ್ಮಿಕದ ಕೈಹಿಡಿದು ಪಂಪ ರನ್ನರು ತಾವೂ ನೆನೆಯದ ಕಲ್ಪನೆಗಳಿಗೆ ಹೋಗಿ ಮುಟ್ಟಿರಬೇಕು. ಮಂಜೇಶ್ವರ ಗೋವಿಂದ ಪೈಗಳು 1911ರಲ್ಲಿ ಆ ಪ್ರಾಸವನ್ನು ಬಿಟ್ಟದ್ದು ಧೈರ್ಯದ ಕೆಲಸ, ಸರಿಯಾದ ಕೆಲಸ. ಆ ಹೊತ್ತಿಗೆ ಪ್ರಾಸವು ಹೊಸ ಓಣಿ ತೋರಿಸುವುದನ್ನು ನಿಲ್ಲಿಸಿ ಸವೆದ ಪದಗಳ ಸಂತೆಗೆ ಕರೆದೊಯ್ಯುತ್ತಿತ್ತು. ಆಕಸ್ಮಿಕವನ್ನು ತರುವ ನಿಯಮವೂ ಹಳತಾದರೆ ಅಭ್ಯಾಸವಾಗಿಬಿಡುತ್ತದೆ.

ಇಷ್ಟೆಲ್ಲ ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡದ್ದು ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ. ಅಲ್ಲಿ ಪಾಠ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಸರಳ ಲೋಲಕದ ಪ್ರಯೋಗ ಮಾಡಿದ ಎಲ್ಲರ ರೆಕಾರ್ಡ್ ಪುಸ್ತಕದಲ್ಲೂ ಗುರುತ್ವ ವೇಗೋತ್ಕರ್ಷ 980ರ ಆಸುಪಾಸಿಗೇ ಬಂದಿರುತ್ತದೆ. ಗ್ರಾಫಿನ ರೇಖೆ ಪ್ರತಿಯೊಂದು ಚುಕ್ಕೆಯನ್ನೂ ಮುಟ್ಟಿಕೊಂಡು ಮೂಲಬಿಂದುವಿನಿಂದಲೇ ಹೊರಟಿರುತ್ತದೆ. ದಾರ ಸರಿಯಾಗಿ ಬಿಗಿದಿಲ್ಲ, ಫ್ಯಾನಿನ ಗಾಳಿಗೆ ಗುಂಡು ತೂರಾಡುತ್ತಿದೆ, ಸ್ಟಾಪ್‌ವಾಚಿನ ಗುಂಡಿ ತಡವಾಗಿ ಒತ್ತಿದ್ದಾರೆ, ಆದರೂ ಉತ್ತರ ಮಾತ್ರ ಪಠ್ಯಪುಸ್ತಕದ್ದು. ಹಳೆಯ ವರ್ಷದ ರೆಕಾರ್ಡಿನಿಂದ ರೀಡಿಂಗ್ ಇಳಿಸಿಕೊಳ್ಳುತ್ತಾರೆ, ಇಲ್ಲವೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ತಯಾರಿಸುತ್ತಾರೆ. ಮಕ್ಕಳನ್ನು ನಾನು ದೂರುವುದಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ 30 ಅಂಕ ಅವರ ಮುಂದಿದೆ, ‘ಸರಿಯಾದ’ ಉತ್ತರಕ್ಕೆ ಅಂಕ ಬರುತ್ತದೆಂದು ಅವರಿಗೆ ಗೊತ್ತಿದೆ.

ಒಂದು ಬ್ಯಾಚಿನಲ್ಲಿ ಒಬ್ಬ ಹುಡುಗಿ ತನ್ನ ಗ್ರಾಫನ್ನು ತಂದು ತೋರಿಸಿದಳು. ದಾರದ ಉದ್ದ ಒಂದು ಅಕ್ಷದಲ್ಲಿ, ಆವರ್ತ ಕಾಲದ ವರ್ಗ ಇನ್ನೊಂದು ಅಕ್ಷದಲ್ಲಿ. ಚುಕ್ಕೆಗಳು ಅಚ್ಚುಕಟ್ಟಾಗಿ ಒಂದೇ ರೇಖೆಯಲ್ಲಿದ್ದವು, ಆದರೆ ರೇಖೆ ಮೂಲಬಿಂದುವಿಗೆ ಬರುತ್ತಿರಲಿಲ್ಲ. ಅದರ ಸ್ವಲ್ಪ ಮೇಲೆ ಹಾದುಹೋಗುತ್ತಿತ್ತು. ಒಂದೊಂದೇ ರೀಡಿಂಗಿನಿಂದ ಲೆಕ್ಕ ಹಾಕಿದರೆ ದಾರ ಗಿಡ್ಡವಾದಷ್ಟೂ ಬೆಲೆ 980ಕ್ಕಿಂತ ಕೆಳಗೆ ಜಾರುತ್ತಿತ್ತು. ಪಕ್ಕದವರೆಲ್ಲ ರೇಖೆಯನ್ನು ಸ್ವಲ್ಪ ಬಗ್ಗಿಸಿ ಮೂಲಬಿಂದುವಿಗೆ ಸೇರಿಸು ಎಂದಿದ್ದರು. ಇವಳು ಸೇರಿಸಿರಲಿಲ್ಲ. ಯಾಕೆ ಹೀಗೆ ಎಂದು ಕೇಳಿದಳು.

ಯಾಕೆಂದರೆ ಅವಳು ದಾರವನ್ನು ಮಾತ್ರ ಅಳೆದಿದ್ದಳು. ಲೋಲಕದ ಉದ್ದವೆಂದರೆ ದಾರದ ಜೊತೆಗೆ ಗುಂಡಿನ ನಡುವಿನವರೆಗಿನ ದೂರವೂ ಸೇರಬೇಕು. ಪ್ರತಿ ಅಳತೆಯಲ್ಲೂ ಗುಂಡಿನ ತ್ರಿಜ್ಯದಷ್ಟು ಕಡಿಮೆಯಾಗಿತ್ತು. ಅದನ್ನು ನಾನು ಹೇಳಿಬಿಡಬಹುದಿತ್ತು. ಅದರ ಬದಲು ರೇಖೆಯನ್ನು ಹಿಂದಕ್ಕೆ ಎಳೆದು, ಉದ್ದದ ಅಕ್ಷವನ್ನು ಸೊನ್ನೆಗಿಂತ ಎಷ್ಟು ಹಿಂದೆ ಮುಟ್ಟುತ್ತದೆ ಎಂದು ನೋಡಲು ಹೇಳಿದೆ. ಸುಮಾರು ಒಂದು ಸೆಂಟಿಮೀಟರ್. ಬಳಿಕ ವರ್ನಿಯರ್ ಕ್ಯಾಲಿಪರ್ಸ್ ತೆಗೆದುಕೊಂಡು ಗುಂಡನ್ನು ಅಳೆದಳು. ತ್ರಿಜ್ಯ ಅಷ್ಟೇ ಇತ್ತು. ರೇಖೆಯ ಓಟದಿಂದ ತೆಗೆದ ಗುರುತ್ವ ವೇಗೋತ್ಕರ್ಷವೂ ಸರಿಯಾಗಿಯೇ ಬಂತು. ಮುಟ್ಟದ ಗುಂಡಿನ ಅಳತೆಯನ್ನು ಅವಳ ‘ತಪ್ಪು’ ಗ್ರಾಫು ಹೇಳಿತ್ತು. ಆ ದಿನ ಇಡೀ ತರಗತಿ ಬೆಂಚು ಬಿಟ್ಟು ಅವಳ ಮೇಜಿನ ಸುತ್ತ ಸೇರಿತು.

ಅವಳ ತಪ್ಪು ಅವಳೊಬ್ಬಳದಾಗಿರಲಿಲ್ಲ ಎಂಬುದನ್ನು ನಾನು ಯೋಚಿಸುತ್ತಲೇ ಇದ್ದೇನೆ. ಅದೇ ದಾರ, ಅದೇ ಗುಂಡು, ಅದೇ ಅಳತೆಯನ್ನು ಬೇರೆಯವರೂ ಬಳಸಿದ್ದರು. ಆಕಸ್ಮಿಕ ಎಲ್ಲರ ಮೇಜಿಗೂ ಬಂದಿತ್ತು. ಉಳಿದವರ ರಬ್ಬರು ಅದನ್ನು ಒರೆಸಿತ್ತು. ಹೊಸತನ್ನು ಕಾಣುವ ಶಕ್ತಿ ಕೆಲವರಿಗೆ ಮಾತ್ರ ಇರುತ್ತದೆ ಎಂದು ನಾವು ಹೇಳುವಾಗ, ಹದಿನಾರು ಹದಿನೇಳರ ವಯಸ್ಸಿಗೇ ಆ ಶಕ್ತಿಯನ್ನು ಅಂಕ ಕೊಟ್ಟು ಅಳಿಸುತ್ತಿದ್ದೇವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಒರೆಸದೆ ಉಳಿಸಿದ್ದರ ಹಳೆಯ ಕಥೆಯೊಂದಿದೆ. 1785ರಲ್ಲಿ ಲಂಡನ್ನಿನ ಹೆನ್ರಿ ಕ್ಯಾವೆಂಡಿಷ್ ಗಾಳಿಗೆ ಆಮ್ಲಜನಕ ಸೇರಿಸಿ, ಅದರೊಳಗೆ ವಿದ್ಯುತ್ ಕಿಡಿ ಹಾಯಿಸಿ, ಸಾರಜನಕವನ್ನು ಪೂರ್ತಿ ತೆಗೆದುಹಾಕಲು ನೋಡಿದರು. ಎಷ್ಟು ಕಿಡಿ ಹಾಯಿಸಿದರೂ ಒಂದು ಸಣ್ಣ ಗುಳ್ಳೆ ಉಳಿಯುತ್ತಿತ್ತು. ಅದು ಏನೆಂದು ಅವರಿಗೆ ಗೊತ್ತಾಗಲಿಲ್ಲ. ಒಟ್ಟಿನ 120ನೆಯ ಒಂದು ಪಾಲನ್ನು ಮೀರುವುದಿಲ್ಲ ಎಂದು ಬರೆದಿಟ್ಟರು. ನೂರು ವರ್ಷ ದಾಟಿದ ಮೇಲೆ ಲಾರ್ಡ್ ರೇಲಿ ಸಾರಜನಕವನ್ನು ತೂಗುತ್ತಿದ್ದರು. ಅದೇ ಬುರುಡೆಯಲ್ಲಿ ಗಾಳಿಯಿಂದ ತೆಗೆದ ಸಾರಜನಕ ಸುಮಾರು 2.310 ಗ್ರಾಂ ತೂಗಿದರೆ ರಾಸಾಯನಿಕಗಳಿಂದ ತೆಗೆದದ್ದು ಸುಮಾರು 2.299 ಗ್ರಾಂ. ವ್ಯತ್ಯಾಸ ಒಂದು ಗ್ರಾಮಿನ ನೂರನೆಯ ಒಂದು ಪಾಲು. ಸರಾಸರಿ ತೆಗೆದು ಸುಮ್ಮನಾಗಲು ಯಾವ ಅಡ್ಡಿಯೂ ಇರಲಿಲ್ಲ. ರೇಲಿ ಸುಮ್ಮನಾಗಲಿಲ್ಲ, 1892ರಲ್ಲೇ ಪತ್ರಿಕೆಗೆ ಬರೆದು, ಇದಕ್ಕೆ ಕಾರಣ ಹೇಳಬಲ್ಲಿರಾ ಎಂದು ಓದುಗರನ್ನು ಕೇಳಿದ್ದರು. ಕ್ಯಾವೆಂಡಿಷ್‌ರ ಹಳೆಯ ಪ್ರಯೋಗವನ್ನೂ ಮತ್ತೆ ಮಾಡಿದರು. 1894ರಲ್ಲಿ ಅವರೂ ವಿಲಿಯಂ ರಾಮ್ಸೆಯೂ ಗಾಳಿಯಲ್ಲಿ ಯಾರಿಗೂ ತಿಳಿಯದ ಒಂದು ಅನಿಲವಿದೆ ಎಂದು ಸಾರಿದರು. ಅದು ಆರ್ಗಾನ್. ಆ ಗುಳ್ಳೆಯನ್ನು ಕ್ಯಾವೆಂಡಿಷ್ ತಮ್ಮ ತಪ್ಪೆಂದು ತಿಳಿದು ಬಿಟ್ಟಿದ್ದರೆ ಅವರನ್ನು ಕೇಳುವವರು ಯಾರೂ ಇರಲಿಲ್ಲ.

ನಮ್ಮ ಪ್ರೌಢಶಾಲೆಗಳಲ್ಲಿ, ಪಿಯು ಕಾಲೇಜುಗಳಲ್ಲಿ ವಿಜ್ಞಾನ ಕಲಿಸುವ ಸಹೋದ್ಯೋಗಿಗಳಿಗೆ ನನ್ನದೊಂದು ಬೇಡಿಕೆ. ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವಾಗ ಪಠ್ಯಪುಸ್ತಕದ ಉತ್ತರವನ್ನು ಹುಡುಕಬೇಡಿ, ಹುಡುಗರು ನಿಜವಾಗಿ ಅಳೆದದ್ದನ್ನು ಹುಡುಕಿ. ಉಳಿದವುಗಳ ಜೊತೆ ಸೇರದ ರೀಡಿಂಗನ್ನು ಹೊಡೆದುಹಾಕದೆ ಬಿಡಲು ಹೇಳಿ, ಅದರ ಪಕ್ಕದಲ್ಲಿ ಹೀಗೇಕೆ ಆಗಿರಬಹುದು ಎಂದು ಒಂದೆರಡು ಸಾಲು ಬರೆಯಿಸಿ, ಆ ಸಾಲುಗಳಿಗೂ ಅಂಕ ಕೊಡಿ. ಮೂಲಬಿಂದುವಿಗೆ ಬಾರದ ರೇಖೆಯನ್ನು ಯಾರಾದರೂ ತಂದು ತೋರಿಸಿದರೆ ದಯವಿಟ್ಟು ಅವರ ಕೈಗೆ ರಬ್ಬರು ಕೊಡಬೇಡಿ, ವರ್ನಿಯರ್ ಕ್ಯಾಲಿಪರ್ಸ್ ಕೊಡಿ.